ಶಾಲೆಯ ಫೋನು ರಾತ್ರಿ ಎಲ್ಲಿರಬೇಕು?

ನಮ್ಮ ಶಾಲೆಗೆ ಒಂದು ಮೊಬೈಲ್ ಫೋನು ಬೇಕೋ ಬೇಡವೋ ಎಂಬ ಮಾತು ಹೋದ ವರ್ಷ ಜೂನ್ ತಿಂಗಳ ಎಸ್‌ಡಿಎಂಸಿ ಸಭೆಯಲ್ಲಿ ಬಂತು. ಮೂಡಲಗಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ, ಸುತ್ತ ಕಬ್ಬು, ಗೋವಿನಜೋಳ. ಅಂಥ ಒಂದು ಊರಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆ ನಮ್ಮದು. ನಾನು ಅಲ್ಲಿ ಹನ್ನೊಂದು ವರ್ಷದಿಂದ ಕಲಿಸುತ್ತಿದ್ದೇನೆ. ಎರಡು ವರ್ಷದಿಂದ ಮುಖ್ಯೋಪಾಧ್ಯಾಯಿನಿಯ ಪ್ರಭಾರವೂ ನನ್ನ ಮೇಲಿದೆ. ನಮ್ಮಲ್ಲೇ ಕಲಿತು ಸೈನ್ಯಕ್ಕೆ ಸೇರಿದ ಹುಡುಗನೊಬ್ಬ ರಜೆಗೆ ಬಂದವನು ಶಾಲೆಗೆಂದು 15,000 ರೂಪಾಯಿ ಕೊಟ್ಟು, ‘ಸಾಲೀಗೆ ಒಂದು ಛಲೋ ಫೋನ್ ತಗೋರಿ ಅಕ್ಕೋರ, ನಿಮ್ಮ ಫೋನ್‌ನ್ಯಾಗ ಎಷ್ಟಂತ ಮಾಡ್ತೀರಿ?’ ಅಂದಿದ್ದ.

ಸಭೆಯಲ್ಲಿ ಎಲ್ಲರೂ ಮಾತಾಡಿದರು. ಒಬ್ಬರು ಯಾವ ಕಂಪನಿಯದು ಅಂದರು, ಇನ್ನೊಬ್ಬರು ಕ್ಯಾಮೆರಾ ಎಂಥದು ಅಂದರು, ಮತ್ತೊಬ್ಬರು ಆ ದುಡ್ಡಿನಲ್ಲಿ ನೀರಿನ ಟಾಕಿ ರಿಪೇರಿ ಮಾಡಿಸೋಣ ಅಂದರು. ಬಾಗಿಲ ಬಳಿ ಚಹದ ತಟ್ಟೆ ಹಿಡಿದು ನಿಂತಿದ್ದ ನಮ್ಮ ಬಿಸಿಯೂಟದ ಅಡುಗೆಯವ್ವ ಮಾತ್ರ ಬೇರೆಯೇ ಒಂದು ಪ್ರಶ್ನೆ ಕೇಳಿದಳು: ‘ತಗೊಳ್ಳೋದೇನೋ ಬರೋಬ್ಬರಿ ಐತ್ರಿ. ರಾತ್ರಿ ಅದನ್ನ ಎಲ್ಲಿ ಇಡ್ತೀರಿ?’

ಕಳ್ಳರ ಭಯದಿಂದ ಕೇಳಿದಳೆಂದು ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ರೊಟ್ಟಿ ಬಡಿಯುವಾಗ ಆ ಮಾತು ಮತ್ತೆ ನೆನಪಾಯಿತು. ಅಷ್ಟು ವರ್ಷ ಶಾಲೆಯ ಫೋನು ರಾತ್ರಿ ಎಲ್ಲಿತ್ತು? ನನ್ನ ದಿಂಬಿನ ಪಕ್ಕದಲ್ಲಿ.

ನನ್ನ ಸ್ವಂತ ಫೋನಿನಲ್ಲಿ ಆಗ ಹದಿನಾಲ್ಕು ಗ್ರೂಪುಗಳಿದ್ದವು. ಅದರಲ್ಲಿ ಮೂರು ಬಂಧುಬಳಗದವು, ಉಳಿದ ಹನ್ನೊಂದು ಕೆಲಸದವು. ಬಿಸಿಯೂಟಕ್ಕೆ ಒಂದು, ಹಾಜರಿಗೆ ಒಂದು, ಪರೀಕ್ಷೆಗೆ ಒಂದು, ಪಾಲಕರಿಗೆ ಒಂದು. ಒಮ್ಮೆ ಹುಬ್ಬಳ್ಳಿಯಲ್ಲಿರುವ ಮಗಳ ಕೂಸಿನ ತೊಟ್ಟಿಲ ಶಾಸ್ತ್ರದ ಫೋಟೋಗಳನ್ನು ನೆರೆಮನೆಯಾಕೆಗೆ ತೋರಿಸುತ್ತಿದ್ದೆ. ಕೂಸಿನ ಮುಖವಾದ ಮೇಲೆ ಕುದಿಯುವ ಸಾಂಬಾರಿನ ಪಾತ್ರೆ, ಅದಾದ ಮೇಲೆ ಮತ್ತೆ ಕೂಸು, ಆಮೇಲೆ ತೊಳೆದ ಶೌಚಾಲಯ. ಆಕೆ ಬಿದ್ದು ಬಿದ್ದು ನಕ್ಕಳು. ನನಗೆ ನಗೆಯ ಜೊತೆ ಸ್ವಲ್ಪ ನಾಚಿಕೆಯೂ ಆಯಿತು. ನನ್ನ ಮನೆ ಎಲ್ಲಿ ಮುಗಿಯಿತು, ಶಾಲೆ ಎಲ್ಲಿ ಶುರುವಾಯಿತು ಎಂಬ ಗೆರೆಯೇ ಅಲ್ಲಿರಲಿಲ್ಲ. ಓದುವ ನಿಮ್ಮಲ್ಲಿಯೂ ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ, ಸೊಸೈಟಿಯಲ್ಲಿ ದುಡಿಯುವವರಿರಬಹುದು. ನಿಮ್ಮ ಫೋನು ತೆರೆದು ನೋಡಿ, ಇದೇ ಕಥೆ ಇರುತ್ತದೆ.

ಇಂಥ ಹೊತ್ತಿನಲ್ಲಿ ನನಗೆ ತಂದೆಯವರ ನೆನಪಾಗುತ್ತದೆ. ಅವರು ಗೋಕಾಕ ಫಾಲ್ಸಿನ ಗಿರಣಿಯಲ್ಲಿ ದುಡಿದವರು. ಘಟಪ್ರಭೆಯ ನೀರಿನ ಬಲದಿಂದ ಹತ್ತಿ ನೂಲಲು 1880ರ ದಶಕದಲ್ಲಿ ಕಟ್ಟಿದ ಗಿರಣಿ ಅದು. ನಮ್ಮ ಮನೆ ಕೊಣ್ಣೂರಿನಲ್ಲಿತ್ತು. ತಂದೆ ಊಟದ ಡಬ್ಬಿ ಹಿಡಿದು ತೂಗುಸೇತುವೆ ದಾಟಿ ಪಾಳಿಗೆ ಹೋಗುತ್ತಿದ್ದರು. ಭೋಂಗಾ ಕೂಗಿದರೆ ಹೋಗಬೇಕು, ಮತ್ತೆ ಕೂಗಿದರೆ ಮನೆಗೆ ಬರಬೇಕು. ಬಂದವರು ಕೂದಲಲ್ಲಿ ಹತ್ತಿದ ಅರಳೆಯ ಎಳೆಗಳನ್ನು ಹಿತ್ತಲಲ್ಲಿ ಝಾಡಿಸಿಕೊಂಡು, ಕೈಕಾಲು ತೊಳೆದು ಒಳಗೆ ಬಂದರೆಂದರೆ ಗಿರಣಿ ಹೊರಗೇ ಉಳಿಯಿತು. ಕೆಲಸ ಕಠಿಣವೇ ಇತ್ತು, ಅದನ್ನು ಚಂದ ಮಾಡಿ ಹೇಳುವುದು ತಪ್ಪು. ಆದರೆ ಮಗ್ಗವಾಗಲಿ ಭೋಂಗಾ ಆಗಲಿ ಅವರ ಬೆನ್ನು ಹತ್ತಿ ಮನೆಗೆ ಬರುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಶಾಲೆಯಲ್ಲಿಯೂ ಹಾಗೇ ಇತ್ತು. ಕುರ್ಚಿ, ನಕಾಶೆ, ಕಬ್ಬಿಣದ ಗಂಟೆ, ಎಲ್ಲವೂ ಡೆಡ್ ಸ್ಟಾಕ್ ಪುಸ್ತಕದಲ್ಲಿ ಬರೆದಿರುವ ಶಾಲೆಯ ಸಾಮಾನುಗಳು. ವರ್ಗವಾದರೆ ಚಾರ್ಜ್ ಕೊಟ್ಟು ಸಹಿ ಮಾಡಿ ಕೈತೊಳೆದುಕೊಳ್ಳಬಹುದು. ಶಾಲೆಯ ಗಂಟೆಯನ್ನು ಯಾರೂ ಮನೆಗೆ ಒಯ್ದು ತಲೆಯ ಹತ್ತಿರ ಇಟ್ಟುಕೊಂಡು ಮಲಗುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ದೂರಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತಾಡಿದ್ದರು. ಆಗ ಕರೆ ಮಾಡಿದವರಷ್ಟೇ ಅಲ್ಲ, ಎತ್ತಿಕೊಂಡವರೂ ದುಡ್ಡು ಕೊಡಬೇಕಿತ್ತು. 2003ರಲ್ಲಿ ಬರುವ ಕರೆಗಳು ಪುಕ್ಕಟೆಯಾದವು. ನಾವೆಲ್ಲ ಫೋನು ಕೊಂಡದ್ದೂ ಅದರ ನಂತರವೇ. ಒಳ್ಳೆಯದೇ ಆಯಿತು. ಆದರೆ ಬರುವ ಕರೆಗೆ ಬೆಲೆ ಇದ್ದಾಗ, ಕರೆಯುವವರು ಒಂದು ಗಳಿಗೆ ವಿಚಾರ ಮಾಡುತ್ತಿದ್ದರು: ಈ ಮಾತು ಅವರ ದುಡ್ಡು ಕೀಳುವಷ್ಟು ದೊಡ್ಡದೇ? ಈಗ ಆ ವಿಚಾರ ಇಲ್ಲ. ಹಾಗೆಂದು ಬೆಲೆ ಇಲ್ಲವಾಯಿತೇ? ರಾತ್ರಿ ಹತ್ತು ಗಂಟೆಗೆ ‘ನಾಳೆ ಎಂಟರೊಳಗೆ ಮಾಹಿತಿ ಕಳಿಸಿ, ತುರ್ತು’ ಎಂದು ಬಂದರೆ ನಾನು ನಿದ್ದೆಯಲ್ಲಿ ಬೆಲೆ ಕೊಡುತ್ತೇನೆ. ಹಗಲು ಬಂದರೆ ಮಕ್ಕಳು ಕೊಡುತ್ತಾರೆ. ಮೂರನೆಯ ಇಯತ್ತೆಯ ಹುಡುಗನೊಬ್ಬ ಎದ್ದು ನಿಂತು ಏಳರ ಮಗ್ಗಿ ಹೇಳುತ್ತಿದ್ದ. ನಾನು ಫೋನು ನೋಡುತ್ತ ‘ಶಾಣ್ಯಾ, ಕುಂಡ್ರು’ ಅಂದೆ. ‘ನಂದಿನ್ನೂ ಮುಗದಿಲ್ರಿ ಅಕ್ಕೋರ’ ಅಂದ. ಏಳಾರಲಿ ನಾಲ್ವತ್ತೆರಡಕ್ಕೆ ನಿಂತಿದ್ದ ಪಾಪ.

ಇಷ್ಟೆಲ್ಲ ಇದ್ದರೂ ಫೋನು ತೆಗೆದುಕೊಳ್ಳೋಣವೆಂದೇ ನಾನು ಹೇಳಿದೆ. ಯಾವುದು ತೆಗೆದುಕೊಳ್ಳಬೇಕೆಂಬ ವಿಷಯದಲ್ಲಿ ನಮ್ಮ ಕಿರಿಯ ಶಿಕ್ಷಕಿಯೊಬ್ಬಳು ನನಗೇ ಪಾಠ ಹೇಳಿದಳು. ಕ್ಯಾಮೆರಾ ಎಷ್ಟು ದೊಡ್ಡದೆಂದು ನೋಡಬಾರದಂತೆ. ಬ್ಯಾಟರಿ 5,000 ಎಂಎಎಚ್ ಆದರೂ ಇರಬೇಕು, ಯಾಕೆಂದರೆ ನಮ್ಮೂರಲ್ಲಿ ಕರೆಂಟು ಹೋಗುವುದಕ್ಕೆ ಹೊತ್ತು ಗೊತ್ತಿಲ್ಲ. ರ‍್ಯಾಮ್ 6 ಜಿಬಿಗೆ ಕಡಿಮೆ ಬೇಡ, ಒಳಗೆ ಜಾಗ 128 ಜಿಬಿ ಇರಲಿ. ಬಿಸಿಲಲ್ಲಿ ಪರದೆ ಕಾಣಬೇಕು. ಕಂಪನಿ ಇನ್ನೆಷ್ಟು ವರ್ಷ ಸುರಕ್ಷತೆಯ ಅಪ್‌ಡೇಟ್ ಕೊಡುತ್ತದೆಂದು ಅಂಗಡಿಯವನನ್ನು ಕೇಳಬೇಕು. ಕೆಟ್ಟರೆ ಹತ್ತಿರದಲ್ಲಿ ರಿಪೇರಿಯಾಗಬೇಕು. ಎಲ್ಲಕ್ಕಿಂತ ಮುಖ್ಯ, ಸಿಮ್ಮು ಯಾವ ಶಿಕ್ಷಕರ ಹೆಸರಿನಲ್ಲೂ ಇರಬಾರದು.

ಯಾಕಿಷ್ಟು ಜಾಗ್ರತೆ ಅಂದೆ. ಆಕೆ ಗಡಿಯಾಚೆಯ ಸಂಗತಿ ನೆನಪಿಸಿದಳು. ಅವಳ ಅಕ್ಕನನ್ನು ಕೊಟ್ಟದ್ದು ಸಾಂಗಲಿ ಜಿಲ್ಲೆಗೆ. ಪೋಷಣ್ ಅಭಿಯಾನ 2018ರ ಮಾರ್ಚ್ 8ರಂದು ಆರಂಭವಾಯಿತಷ್ಟೆ. ಅದರ ಕೆಲಸಕ್ಕೆಂದು ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರಿಗೆ 2019ರಲ್ಲಿ ಸರಕಾರ ಫೋನು ಹಂಚಿತ್ತು. ಅವುಗಳ ರ‍್ಯಾಮ್ 2 ಜಿಬಿ. 2021ರ ಮಾರ್ಚ್‌ನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಹೊಸ ಆ್ಯಪ್ ಬಂದಾಗ ಆ ಫೋನುಗಳು ಭಾರ ತಾಳಲಿಲ್ಲ. ಕಾದು ಬಿಸಿಯಾಗುತ್ತಿದ್ದವು, ನಡುವೆಯೇ ನಿಂತುಬಿಡುತ್ತಿದ್ದವು. ರಿಪೇರಿಯ ಖರ್ಚು ಹೆಣ್ಣುಮಕ್ಕಳ ಕೈಯಿಂದಲೇ ಹೋಗುತ್ತಿತ್ತು. ಮರಾಠಿಯಲ್ಲಿ ದಾಖಲೆ ಬರೆಯುತ್ತ ಬಂದವರ ಮುಂದೆ ಇಂಗ್ಲಿಷಿನ ಪರದೆ. ಕಡೆಗೆ 2021ರ ಆಗಸ್ಟ್‌ನಲ್ಲಿ ಸಾವಿರಾರು ಕಾರ್ಯಕರ್ತೆಯರು ಫೋನುಗಳನ್ನು ಒಯ್ದು ಕಚೇರಿಗೆ ಮರಳಿ ಒಪ್ಪಿಸಿದರು.

ಈ ಸಂಗತಿಯನ್ನು ನಾನು ಬಹಳ ಸಲ ವಿಚಾರ ಮಾಡಿದ್ದೇನೆ. ಅವರ ಫೋನು ಕಳಪೆಯಿತ್ತು, ಆದರೆ ಅದು ಅವರದಲ್ಲದ್ದರಿಂದ ಮರಳಿ ಕೊಟ್ಟು ‘ಇದರಿಂದ ಆಗುವುದಿಲ್ಲ’ ಎಂದು ಹೇಳಲು ಬಂತು. ನನ್ನದು ಮಗಳು ಕೊಡಿಸಿದ ಒಳ್ಳೆಯ ಫೋನು. ಅದನ್ನು ನಾನು ಯಾರಿಗೆ ಮರಳಿ ಕೊಡಲಿ? ಕೊಟ್ಟವರಿಲ್ಲದ ಭಾರವನ್ನು ಇಳಿಸುವುದು ಕಷ್ಟ. ದುಡಿಮೆಯ ಸಾಮಾನು ದುಡಿಸಿಕೊಳ್ಳುವವರದಾಗಿರಬೇಕು ಎಂಬುದು ಬರಿಯ ಖರ್ಚಿನ ಮಾತಲ್ಲ. ಅದು ‘ಆಗುವುದಿಲ್ಲ’ ಎನ್ನುವ ಹಕ್ಕಿನ ಮಾತು.

ಇನ್ನು ನನ್ನ ತಪ್ಪಿನ ಮಾತು. ಇದನ್ನು ಹೇಳದೆ ಉಳಿದದ್ದನ್ನು ಹೇಳಿದರೆ ಅರ್ಧ ಸುಳ್ಳಾಗುತ್ತದೆ.

ನಾಲ್ಕು ವರ್ಷದ ಹಿಂದೆ ಮಕ್ಕಳಿಗೆ ಬೂಟು, ಕಾಲುಚೀಲ ಹಂಚಿದೆವು. ಹಂಚಿದ್ದಕ್ಕೆ ಒಂದು ಫೋಟೋ ಬೇಕೆಂದು ಮೇಲಿನಿಂದ ಕೇಳಿದ್ದರು. ಒಂದೇ ಒಂದು. ನಾನು ಇಪ್ಪತ್ತು ತೆಗೆದೆ. ಮಕ್ಕಳ ಮುಖದ ಸಂತೋಷ ನೋಡಿ ಹುರುಪು ಬಂತು, ಎಲ್ಲವನ್ನೂ ಪಾಲಕರ ಗ್ರೂಪಿಗೆ ಹಾಕಿದೆ. ಸಂಜೆಯೊಳಗೆ ಮೂವತ್ತು ಜನ ಕೈಮುಗಿದಿದ್ದರು, ಹೂವು ಕಳಿಸಿದ್ದರು. ನನಗೆ ಬಹಳ ಸಂತೋಷವಾಯಿತು. ಹೊಗಳಿಕೆ ಯಾರಿಗೆ ಬೇಡ?

ಐದನೆಯ ಇಯತ್ತೆಯ ಒಬ್ಬ ಹುಡುಗಿ ಆ ಫೋಟೋದಲ್ಲಿ ಬೂಟಿನ ಡಬ್ಬಿ ಹಿಡಿದು ನಕ್ಕಿದ್ದಳು. ಅವತ್ತು ಅವಳ ಸಮವಸ್ತ್ರ ಒಗೆಯಲು ಹಾಕಿತ್ತೋ ಏನೋ, ಬಣ್ಣದ ಫ್ರಾಕು ತೊಟ್ಟು ಬಂದಿದ್ದಳು. ಅವಳ ತಾಯಿ ಊರಿನ ಒಂದು ಮನೆಯಲ್ಲಿ ಕಸಮುಸುರೆ ಮಾಡುತ್ತಾಳೆ. ಫ್ರಾಕು ಆ ಮನೆಯವರು ಕೊಟ್ಟದ್ದು. ಆ ಮನೆಯ ಹುಡುಗಿಯೂ ನಮ್ಮಲ್ಲೇ ಓದುತ್ತಾಳೆ. ರಾತ್ರಿ ಅಮ್ಮನ ಫೋನಿನಲ್ಲಿ ಫೋಟೋ ನೋಡಿದ ಅವಳು ಮರುದಿನ ವರ್ಗದಲ್ಲಿ ಎಲ್ಲರೆದುರು ‘ಅದು ನನ್ನ ಫ್ರಾಕು’ ಅಂದಳು. ಕೆಟ್ಟ ಬುದ್ಧಿಯಿಂದಲ್ಲ, ಮಕ್ಕಳು ಹೇಳುವ ಹಾಗೆ ಹೇಳಿದ್ದಳು. ಇವಳು ನಾಲ್ಕು ದಿನ ಶಾಲೆಗೆ ಬರಲಿಲ್ಲ.

ಐದನೆಯ ದಿನ ತಾಯಿ ಬಂದಳು. ಜಗಳಕ್ಕೆ ಬಂದವಳಲ್ಲ, ಕಟ್ಟೆಯ ಮೇಲೂ ಕೂಡಲಿಲ್ಲ. ‘ಬೂಟ ಕೊಟ್ರಿ, ಛಲೋ ಆತ್ರಿ ಅಕ್ಕೋರ. ಫೋಟೋ ಯಾಕ ಊರಿಗೆಲ್ಲಾ ತೋರಿಸಿದ್ರಿ? ನಾ ಮಂದೀ ಮನ್ಯಾಗ ದುಡೀತೀನಿ ಖರೆ. ಅದನ್ನ ನನ್ನ ಮಗಳು ಸಾಲ್ಯಾಗ ಹೊತ್ಕೊಂಡು ತಿರಗಬೇಕೇನ್ರಿ?’ ಅಂದಳು.

ನಾನು ಏನೂ ಹೇಳಲಿಲ್ಲ. ಮೇಲಿನವರು ಕೇಳಿದ್ದರು ಎನ್ನಬಹುದಿತ್ತು, ಆದರೆ ಅವರು ಕೇಳಿದ್ದು ಒಂದು ಫೋಟೋ. ಊರಿಗೆ ತೋರಿಸಿದವಳು ನಾನು. ಗ್ರೂಪಿನಿಂದ ಫೋಟೋ ಅಳಿಸಲು ಹೋದರೆ ಹೊತ್ತು ಮೀರಿತ್ತು, ಅಳಿಸಿದರೂ ನೋಡಿದವರ ಕಣ್ಣಿನಿಂದ ಅಳಿಸಲು ಬರುತ್ತದೆಯೇ? ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎಂದು ಮಕ್ಕಳಿಗೆ ಬರೆಸುವ ನಾನು ಫೋಟೋಗೂ ಅದೇ ಮಾತೆಂದು ಅಂದು ಕಲಿತೆ.

ಆಮೇಲೆ ನಾನು ಪತ್ರಿಕೆಗಳಲ್ಲಿ ಈ ಬಗೆಗೆ ಬಂದದ್ದನ್ನು ಕಣ್ಣಿಟ್ಟು ಓದತೊಡಗಿದೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತರು. 2023ರಲ್ಲಿ ಸಂಸತ್ತು ಒಪ್ಪಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದು ಎಣಿಸಿ, ಅವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ದೊಡ್ಡ ದೊಡ್ಡ ಮಾತುಗಳು. ಆದರೆ ನಾಲ್ಕು ಮನೆಯ ಮುಸುರೆ ತಿಕ್ಕುವ ಆ ತಾಯಿ ಹೇಳಿದ್ದೂ ಅದನ್ನೇ. ಬಡವರಿಗೆ ಮುಚ್ಚಿಡುವಂಥದು ಏನಿದೆ ಎಂದು ಉಳ್ಳವರು ತಿಳಿಯುತ್ತಾರೆ. ಇರುವುದು ಸ್ವಲ್ಪವಾದರೆ ಅದನ್ನು ಮುಚ್ಚಿಟ್ಟುಕೊಳ್ಳುವ ಅಗತ್ಯ ಹೆಚ್ಚಿರುತ್ತದೆ.

ಕೆಲಸದ ಹೊತ್ತು ಮುಗಿದ ಮೇಲೆ ಫೋನು ಎತ್ತದಿರುವ ಹಕ್ಕಿನ ವಿಚಾರವನ್ನೂ ಓದಿದೆ. ಫ್ರಾನ್ಸ್ ದೇಶದಲ್ಲಿ 2017ರ ಜನವರಿ 1ರಿಂದ ಇದಕ್ಕೆ ಕಾಯಿದೆಯ ಬಲ ಬಂದಿದೆ. ನಮ್ಮ ಲೋಕಸಭೆಯಲ್ಲಿ ಸುಪ್ರಿಯಾ ಸುಳೆಯವರು 2018ರಲ್ಲಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದ್ದರು, ಅದು ಕಾಯಿದೆಯಾಗಲಿಲ್ಲ. ಓದಿದಾಗ ಮೊದಲು ಖುಷಿಯಾಯಿತು. ಆಮೇಲೆ ಮನಸ್ಸು ತಕರಾರು ತೆಗೆಯಿತು.

ಯಾಕೆಂದರೆ 2019ರ ಆಗಸ್ಟ್ ನನಗೆ ಮರೆತಿಲ್ಲ. ಘಟಪ್ರಭೆ ಉಕ್ಕಿ ಗೋಕಾಕ, ಮೂಡಲಗಿ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನುಗ್ಗಿದ ತಿಂಗಳದು. ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ‘ಅಕ್ಕೋರ, ನೀರು ಏರಾಕತ್ತೇತಿ, ಸಾಲಿ ಕೀಲಿ ಎಲ್ಲೈತ್ರಿ?’ ಕೀಲಿ ಯಾರ ಮನೆಯಲ್ಲಿದೆಯೆಂದು ಹೇಳಿದೆ. ಶಾಲೆಯ ಎತ್ತರದ ಕೋಣೆಗಳಲ್ಲಿ ಆ ರಾತ್ರಿ ಎಷ್ಟೋ ಮನೆಯವರು, ದನಕರು ಸಮೇತ ಉಳಿದರು. ನಾನು ಫೋನು ಆರಿಸಿ ಮಲಗಿದ್ದರೆ? 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿ, ಆಗಸ್ಟ್‌ನಲ್ಲಿ ವಿದ್ಯಾಗಮ ಬಂದು, ಗುಡಿಯ ಕಟ್ಟೆಯ ಮೇಲೂ ಗಿಡದ ನೆರಳಲ್ಲೂ ಕೂತು ಕಲಿಸಿದಾಗಲೂ ಇದೇ ಫೋನು ಮಕ್ಕಳನ್ನು ಕೂಡಿಸಿತು. ಶಿಕ್ಷಕಿಯ ಕೆಲಸಕ್ಕೆ ಗಿರಣಿಯ ಭೋಂಗಾ ಹೊಂದುವುದಿಲ್ಲ. ಮಗುವಿನ ಸಂಕಟ ಹತ್ತರಿಂದ ನಾಲ್ಕೂವರೆಯೊಳಗೇ ಬರಬೇಕೆಂದು ಯಾವ ನಿಯಮವಿದೆ?

ಹಾಗಾದರೆ ಎಲ್ಲ ಹೊತ್ತೂ ಎಲ್ಲರಿಗೂ ಸಿಗಬೇಕೇ? ಈ ಪ್ರಶ್ನೆಯನ್ನು ನಾನು ಬಹಳ ದಿನ ತಿರುವಿ ಹಾಕಿದೆ. ಕಡೆಗೆ ನನಗೆ ಹೊಳೆದದ್ದು ಇಷ್ಟು. ಫೋನಿನಲ್ಲಿ ಎರಡು ಬಗೆಯ ಮಾತು ಬರುತ್ತವೆ. ಒಂದು, ನನ್ನ ಅಗತ್ಯವಿದೆ, ಬಾ ಎನ್ನುವ ಕರೆ. ಇನ್ನೊಂದು, ಮಾಡಿದ್ದೀಯೆಂದು ತೋರಿಸು ಎನ್ನುವ ಪುರಾವೆಯ ಬೇಡಿಕೆ. ಮೊದಲನೆಯದು ಮನುಷ್ಯರದು, ಅದಕ್ಕೆ ರಾತ್ರಿ ಹಗಲಿಲ್ಲ. ಎರಡನೆಯದು ಕಾಗದದ್ದು, ಅದು ಬೆಳಗಿನವರೆಗೆ ಕಾಯಬಲ್ಲದು. ಎರಡೂ ಒಂದೇ ಗಂಟೆಯ ದನಿಯಲ್ಲಿ ಬರುವುದರಿಂದ ನಾವು ಎರಡಕ್ಕೂ ಒಂದೇ ಅವಸರದಿಂದ ಏಳುತ್ತೇವೆ. ಹೀಗೆ ಎದ್ದೆದ್ದು ದಣಿದ ಮೇಲೆ, ನಿಜವಾಗಿ ಕರೆದವರು ಬಂದಾಗ ನಮ್ಮಲ್ಲಿ ಏಳುವ ತ್ರಾಣವೇ ಇರುವುದಿಲ್ಲ.

ಪುರಾವೆಯೇ ಬೇಡ ಎಂದು ನಾನು ಹೇಳುವುದಿಲ್ಲ. ಮಕ್ಕಳ ಪಾಲಿನ ಹಾಲು, ತತ್ತಿ, ಅಕ್ಕಿ ಮಕ್ಕಳಿಗೆ ಮುಟ್ಟಿತೋ ಇಲ್ಲವೋ ಎಂದು ಕೇಳಬೇಕಾದದ್ದೇ. ಕೇಳದಿದ್ದರೆ ಏನಾಗುತ್ತದೆಂದು ನಾವು ಕಂಡವರೇ. ಆದರೆ ಪುರಾವೆಗೆ ಅದರದೇ ಹೊತ್ತು, ಅದರದೇ ಜಾಗ ಇರಬೇಕು. ಮತ್ತು ಕೆಳಗಿನವರಿಂದ ಪುರಾವೆ ಕೇಳುವಾಗ ನಾವೂ ಮೇಲಿನವರೇ ಆಗುತ್ತೇವೆಂಬುದು ನೆನಪಿರಬೇಕು. ದಿನಾಲೂ ಒಲೆ ಹೊತ್ತಿಸಿದ ಫೋಟೋ ಕಳಿಸೆಂದು ನಾನೇ ನಮ್ಮ ಅಡುಗೆಯವ್ವನಿಗೆ ಹೇಳಿದ್ದೆ. ತಿಂಗಳಿಗೆ ಐದು ಸಾವಿರವೂ ಕೈಗೆ ಬಾರದ ಆಕೆ ಅದಕ್ಕಾಗಿ ಮಗನ ಫೋನು ಬೇಡಿ ತರುತ್ತಿದ್ದಳೆಂದು ನನಗೆ ಗೊತ್ತಾದದ್ದು ಆರು ತಿಂಗಳ ಮೇಲೆ. ರಾತ್ರಿ ಎಲ್ಲಿ ಇಡ್ತೀರಿ ಎಂದು ಆಕೆಯೇ ಕೇಳಿದ್ದರಲ್ಲಿ ಅಚ್ಚರಿಯೇನಿದೆ?

ಮೂಡಲಗಿಯ ಪೇಟೆಯಲ್ಲಿ ಕವಚ, ಗಾಜು ಎಲ್ಲ ಕೂಡಿ 14,200 ರೂಪಾಯಿಗೆ ಫೋನು ಬಂತು. ಡೆಡ್ ಸ್ಟಾಕ್ ಪುಸ್ತಕದಲ್ಲಿ ಅದನ್ನು ಗಂಟೆ, ನಕಾಶೆಗಳ ಸಾಲಿನಲ್ಲಿ ಬರೆದೆವು. ಎಲ್ಲರೂ ಕೂಡಿ ಕೆಲವು ನಿಯಮ ಬರೆದು ಕಪಾಟಿನ ಒಳಬಾಗಿಲಿಗೆ ಅಂಟಿಸಿದೆವು. ಫೋನು ನಾಲ್ಕೂವರೆಗೆ ಹಾಜರಿ ಪುಸ್ತಕದ ಜೊತೆ ಕಪಾಟಿಗೆ ಹೋಗಬೇಕು, ಯಾರ ಮನೆಗೂ ಅಲ್ಲ. ಗುಪ್ತ ಸಂಖ್ಯೆ ಇಬ್ಬರಿಗೆ ಗೊತ್ತಿರಬೇಕು, ಒಬ್ಬರಿಗೇ ಬೇಡ. ಪಾಠದ ಹೊತ್ತಿನಲ್ಲಿ ಅದು ವರ್ಗದೊಳಗೆ ಬರಬಾರದು. ಕೊಡುವುದರ ಫೋಟೋ ತೆಗೆಯಬೇಕಾದರೆ ಸಾಮಾನು ಕಾಣಲಿ, ತೆಗೆದುಕೊಳ್ಳುವವರ ಮುಖ ಕಾಣಬಾರದು. ಕೆಲಸ ಮುಗಿದ ಫೋಟೋಗಳನ್ನು ಶನಿವಾರ ಅಳಿಸಬೇಕು. ಒಲೆಯ ಫೋಟೋ ಬೇಕಾದರೆ ಸರದಿಯ ಶಿಕ್ಷಕರೇ ಅಡುಗೆಕೋಣೆಗೆ ಹೋಗಿ ತೆಗೆಯಬೇಕು. ನನ್ನ ಸ್ವಂತ ಫೋನಿನಿಂದ ಕೆಲಸದ ಹನ್ನೊಂದು ಗ್ರೂಪುಗಳನ್ನೂ ಬಿಟ್ಟು, ಅಲ್ಲೆಲ್ಲ ಶಾಲೆಯ ನಂಬರು ಸೇರಿಸಿದೆ.

ಎಲ್ಲ ಸರಳವಾಗಿ ನಡೆಯಿತೆಂದು ತಿಳಿಯಬೇಡಿ. ಎರಡನೆಯ ವಾರವೇ ರಾತ್ರಿ ಬಂದ ಸಂದೇಶವೊಂದು ಕಪಾಟಿನೊಳಗೇ ಮಲಗಿತ್ತು, ಮರುದಿನ ತಡವಾಯಿತೆಂದು ನನ್ನಿಂದ ವಿವರಣೆ ಕೇಳಿದರು. ಕಾಗದದ ಮೇಲೆ, ‘ಶಾಲೆಯ ದೂರವಾಣಿ ಶಾಲೆಯ ವೇಳೆಯಲ್ಲಿ ಲಭ್ಯವಿರುತ್ತದೆ’ ಎಂದು ಬರೆದು ಕೊಟ್ಟೆ. ಬರೆಯುವಾಗ ಕೈ ನಡುಗಲಿಲ್ಲ ಎಂದರೆ ಸುಳ್ಳಾದೀತು. ನಿವೃತ್ತಿಗೆ ಐದಾರು ವರ್ಷ ಉಳಿದವಳಿಗೆ ಈ ಧೈರ್ಯ ಸುಲಭ. ಈಗಷ್ಟೇ ಸೇರಿದ ಹುಡುಗಿಯರಿಗೆ ಅಷ್ಟು ಸುಲಭವಲ್ಲ. ಅವರಲ್ಲಿ ಒಬ್ಬಳು ಇನ್ನೂ ತನ್ನ ಫೋನಿನಲ್ಲಿ ಎರಡು ಗ್ರೂಪು ಇಟ್ಟುಕೊಂಡಿದ್ದಾಳೆ. ಬಿಡು ಎಂದು ನಾನು ಒತ್ತಾಯ ಮಾಡಿಲ್ಲ.

ನನ್ನ ಸ್ವಂತ ನಂಬರನ್ನು ಮಾತ್ರ ಪಾಲಕರಿಂದ ಹಿಂದಕ್ಕೆ ತೆಗೆದುಕೊಂಡಿಲ್ಲ. ಕರೆಯಬೇಕೆನ್ನಿಸಿದರೆ ಕರೆಯಿರಿ ಅಂದಿದ್ದೇನೆ. ಫ್ರಾಕಿನ ಹುಡುಗಿಯ ತಾಯಿಗೂ ಒಂದು ಚೀಟಿಯ ಮೇಲೆ ಬರೆದುಕೊಟ್ಟಿದ್ದೆ. ಆಕೆ ತೆಗೆದುಕೊಂಡಳು, ಎರಡು ವರ್ಷ ಒಮ್ಮೆಯೂ ಕರೆಯಲಿಲ್ಲ. ಹುಡುಗಿ ಏಳನೆಯ ಇಯತ್ತೆಯ ಪರೀಕ್ಷೆ ಬರೆಯುವ ಹೊತ್ತಿಗೆ ಒಂದು ರಾತ್ರಿ ಒಂಬತ್ತರ ಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ‘ಅಕ್ಕೋರ, ನಾನ್ರಿ. ನಿಮ್ಮ ಹುಡುಗೀಗಿ ಭಾಳ ಜ್ವರಾ ಬಂದಾವ. ನಾಳೆ ಪರೀಕ್ಷಾ ಹೆಂಗ್ರಿ?’

‘ನಾಳಿನ ಪರೀಕ್ಷಾ ಆಮ್ಯಾಲ ಬರಸ್ತೀನಿ, ಮದಲ ದವಾಖಾನಿಗೆ ಕರಕೊಂಡ ಹೋಗವ್ವ’ ಅಂದೆ. ಬೇರೇನೂ ಮಾತಾಡಲಿಲ್ಲ. ಅವಳು ‘ನಿಮ್ಮ ಹುಡುಗಿ’ ಅಂದದ್ದು ಫೋನು ಕೆಳಗಿಟ್ಟ ಮೇಲೆ ನನ್ನ ಗಮನಕ್ಕೆ ಬಂತು. ಶಾಲೆಯ ಫೋನು ಆಗ ಎಂಟು ಮೈಲು ದೂರದ ಕಪಾಟಿನಲ್ಲಿ, ಗಂಟೆಯ ಸುತ್ತಿಗೆಯ ಪಕ್ಕದಲ್ಲಿತ್ತು.